ನೂರಿಪ್ಪತ್ತು ದಿನ

ಆಸ್ಪತ್ರೆಯ ಹಿಂಬದಿ, ಶವಾಗಾರಕ್ಕೆ ತಾಗಿ ಎರಡು ಕೋಣೆ.
ಅಲ್ಲಿ ಚೂಡಾಮಣಿ ಮೇಡಂ ರಕ್ತ ಓದುತ್ತಿದ್ದರು.
ನಾನು ಖಲಂದರ್, ಗಾಜು ತೊಳೆಯುವವ.
ಮೂವತ್ತೊಂದು ವರ್ಷ.

ಸೇರಿದ ವಾರವೇ ಕರೆದು ತೋರಿಸಿದರು:
"ಒಂದು ಕಣ್ಣು ಮುಚ್ಚಬೇಡ, ಎರಡೂ ತೆರೆದು ನೋಡು."
ಮಸೂರದಡಿ ನಸುಗೆಂಪು ಬಿಲ್ಲೆಗಳು,
ನಡುವೆ ಬೆರಳಿಂದ ಅದುಮಿದ ನಿಪ್ಪಟ್ಟಿನ ಹಾಗೆ.
"ಇದರೊಳಗೆ ಬೀಜವಿಲ್ಲ, ಒಲೆಯಿಲ್ಲ.
ಮೈಗೆಲ್ಲ ಉಸಿರು ಹೊರುತ್ತೆ, ತಾನು ಮಾತ್ರ ಮುಟ್ಟೋದಿಲ್ಲ.
ಚೂರು ಸಕ್ಕರೆ ಮುರಿದುಕೊಂಡು
ನೂರಿಪ್ಪತ್ತು ದಿನ ದುಡಿದು ಸಾಯುತ್ತೆ."
ಗಾಂಧಿಬಜಾರಿನಲ್ಲಿ ಅಕ್ಕಿಮೂಟೆ ಹೊರುತ್ತಿದ್ದ ಅಪ್ಪನ ನೆನಪಾಯಿತು.
ಹೇಳಲಿಲ್ಲ.

ಹೊಸನಗರದಾಚೆ ಒಂದು ಕೇರಿಯಲ್ಲಿ
ಚಳಿಜ್ವರದ ಮಾತ್ರೆ ನುಂಗಿದ ಹುಡುಗ, ಚೌಡ,
ಡಿಕಾಕ್ಷನ್ ಬಣ್ಣದ ಉಚ್ಚೆ ಹೊಯ್ದಿದ್ದ.
ಊರು ಭೂತವೆಂದಿತು.
ಮೇಡಂ, ಕಿಣ್ವದ ಕೊರತೆ ಎಂದರು,
ತಾಯಿಯ ಕಡೆಯಿಂದ ಮಗನಿಗಿಳಿಯುವ ಸಾಲ;
ಜ್ವರವಲ್ಲ, ಮದ್ದೇ ಕಣವನ್ನು ಒಡೆದದ್ದು.
ಜೀಪು ಹತ್ತಿದರು.

ಒಂದೇ ಬೇಸಿಗೆ. ಇನ್ನೂರ ಹನ್ನೆರಡು ಕೊಳವೆ,
ಪ್ರತಿಯೊಂದರ ಮೇಲೂ ನನ್ನ ಸೊಟ್ಟ ಅಕ್ಷರ.
ಅರವತ್ತೇಳು ಮಂದಿಗೆ ಕಿಣ್ವವಿಲ್ಲ!
ದೆಹಲಿಯಿಂದ ಕಾಗದ ಬಂತು,
ಶಾಲು ಬಂತು, ಏಲಕ್ಕಿ ಹಾರ ಬಂತು.
ನನಗೆ ನಿದ್ದೆ ಬರಲಿಲ್ಲ.

ಯಾಕೆಂದರೆ ಆ ಬೇಸಿಗೆಯ ಒಂದು ಸೋಮವಾರ
ಬಾಗಿಲು ತೆಗೆದಾಗ ಫ್ರಿಜ್ಜು ಬೆವರುತ್ತಿತ್ತು.
ಒಳಗೆ ಕೊಳವೆಗಳು
ಕಾವಿಗೆ ಕೂತ ಕೋಳಿಯಡಿಯ ಮೊಟ್ಟೆಯಷ್ಟು ಬೆಚ್ಚಗೆ.
ಪ್ಲಗ್ಗು ಅಲುಗಿಸಿದೆ. ಗುರ್ ಎಂದಿತು.
ನೆಲ ಒರೆಸಿದೆ,
ಜೊತೆಗೆ ಬಾಯನ್ನೂ.

ಶಾಲಿನ ಮೂರನೆಯ ದಿನ ಎಲ್ಲ ಹೇಳಿಬಿಟ್ಟೆ.
ಬಯ್ಯಲಿಲ್ಲ. ಕನ್ನಡಕ ತೆಗೆದು
ಸೆರಗಿನಲ್ಲಿ ಒರೆಸಿದರು, ಗಾಜು ಸವೆಯುವಷ್ಟು ಹೊತ್ತು.
"ಹಾಗಾದರೆ ಅದು ಸತ್ತದ್ದು ಅವರ ಮೈಯಲ್ಲಲ್ಲ,
ನಮ್ಮ ಪೆಟ್ಟಿಗೆಯಲ್ಲಿ."
ದೆಹಲಿಗೆ ಬರೆದರು: ನನ್ನ ಲೆಕ್ಕ ತಪ್ಪು.
'ನನ್ನ' ಎಂದೇ ಬರೆದರು. ಖಲಂದರ್ ಎಂಬ ಹೆಸರು
ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಮತ್ತೆ ಜೀಪು. ಈ ಸಲ ಐಸಿನ ಡಬ್ಬ ನನ್ನ ತೊಡೆಯ ಮೇಲೆ.
ಹುಲಿಕಲ್ಲಿನ ತಿರುವಲ್ಲಿ ಹೊಟ್ಟೆ ತೊಳೆಸಿದರೂ
ಮುಚ್ಚಳದಿಂದ ಕೈ ತೆಗೆಯಲಿಲ್ಲ.
"ಹೋದ್ಸಲ ತಗಂಡಿದ್ದು ಏನ್ ಮಾಡಿದ್ರಿ, ಕುಡಿದ್ರಾ?"
ಎಂದು ಕೇಳಿದಳು ಹೂವಜ್ಜಿ, ತೋಳು ಚಾಚುತ್ತಲೇ.
"ಕೆಡಿಸಿದೆವಮ್ಮ" ಎಂದರು ಮೇಡಂ.
ಕೇರಿಗೆ ಕೇರಿಯೇ ನಕ್ಕಿತು, ಅವರೂ.

ಹನ್ನೊಂದು.
ಅರವತ್ತೇಳಲ್ಲ, ಹನ್ನೊಂದೇ ಮಂದಿ.
ಹನ್ನೊಂದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ.
ರಾತ್ರಿ ಕೂತು ಹನ್ನೊಂದು ಚೀಟಿ ಬರೆದರು, ಕೆಂಪು ಶಾಯಿ:
ಇವರಿಗೆ ಈ ಮಾತ್ರೆ ಕೊಡಕೂಡದು.
ಚೌಡನದು ಈಗಲೂ ಇದೆ, ರೇಷನ್ ಕಾರ್ಡಿನ ಜೊತೆ,
ಅಂಚು ಜಿರಲೆ ತಿಂದಿದೆ, ಅಕ್ಷರ ಉಳಿದಿದೆ.

ಮೇಡಂ ಮೊನ್ನೆ ನಿವೃತ್ತರಾದರು.
ಸೂಕ್ಷ್ಮದರ್ಶಕಕ್ಕೆ ಹಳೆಯ ದಿಂಬಿನ ಚೀಲ ಹೊದಿಸಿ
ಬೀಗದ ಕೈ ನನಗೆ ಕೊಟ್ಟು,
ತುಂಗೆಯ ಸೇತುವೆಯ ಕಡೆ ನಡೆದೇ ಹೋದರು,
ಆಟೋ ಬೇಡವೆಂದು.

ಅವರೇ ಕಲಿಸಿದ ಲೆಕ್ಕ, ಬೆರಳಲ್ಲಿ ಎಣಿಸುತ್ತೇನೆ:
ಆ ಸೋಮವಾರದಿಂದ ಇಪ್ಪತ್ತೆರಡು ವರ್ಷ.
ನೂರಿಪ್ಪತ್ತು ದಿನಕ್ಕೊಮ್ಮೆ ಎಂದರೆ
ಅರವತ್ತೇಳು ಸಲ ಬದಲಾಗಿದೆ ನನ್ನ ರಕ್ತ.
ಆ ದಿನ ಸುಮ್ಮನಿದ್ದ ಒಂದು ಕಣವೂ
ಈಗ ನನ್ನೊಳಗಿಲ್ಲ.

ಆದರೂ ಮನೆಯ ಫ್ರಿಜ್ಜಿನ ಸದ್ದು
ಅಪರಾತ್ರಿ ನಿಂತರೆ
ಎದ್ದು ಕೂರುತ್ತೇನೆ.