ದಡಿ

ಸೀರಿ ಒಡಲು ಪಿಸದು ಹೋದ್ರೂ
ದಡಿ ಗಟ್ಟಿ ಇರತೈತಿ,
ನಾವಽ ನೇದದ್ದು, ಗೊತ್ತೈತಿ.
ಅದನ್ನ ಹರದು ಚಿಗರಿ ಹೊಟ್ಟಿಗೆ ಸುತ್ತೀನಿ,
ಹಿಂದಿನ ಮೈ ಎತ್ತಿ ಹಿಡದು
ಬೆಟಗೇರಿ ಓಣ್ಯಾಗ ದಿನಾ ಮುಂಜಾನೆ ನಡಸ್ತೀನಿ.
ಅಕಿವು ಎರಡು ಕಾಲು, ನನ್ನವು ಎರಡು.
ಲೆಕ್ಕ ನಾಲ್ಕಕ್ಕ ಬಂತು.

ಟಂಟಂ ಬಡದ ದಿನ
ದನದ ದವಾಖಾನ್ಯಾಗ ಅಂದ್ರು:
ಒಂದು ಸೂಜಿ, ಮುಂದ ತ್ರಾಸಿಲ್ಲ.
ತಮ್ಮ ತುಳಜಾಸಾನೂ ಹೂಂ ಅಂದಿದ್ದ.
ಮನಿಗೆ ಬಂದು ಉಣ್ಣಲಿಲ್ಲ.

ಈಗ ಅವನಽ ಮೂರು ಹೊತ್ತು
ಕಿಬ್ಬೊಟ್ಟಿ ಒತ್ತಿ ಉಚ್ಚಿ ತಗೀತಾನ,
ತೊಡಿ ಹುಣ್ಣಿಗೆ ಅರಿಷಿಣ ಎಣ್ಣಿ,
ಹಸಿ ಗೋಣಿ ತಗದು ಒಣಾ ಗೋಣಿ.
ನಾ ಇದ್ರ ಬೈಕೋತ,
ನಾ ಇಲ್ಲದಾಗ ಏನೇನೋ ಮಾತಾಡ್ಕೋತ.
ಕಾಲುಮಣಿ ತುಳಿದು ತುಳಿದು
ಅವನ ಮೊಣಕಾಲೂ ಮಾತು ಕೇಳೂದು ಬಿಟ್ಟಾವ,
ಅದನ್ನಷ್ಟಽ ಯಾರ ಮುಂದೂ ಹೇಳಾಂಗಿಲ್ಲ.

ನಿನ್ನಿ ಮಧ್ಯಾಹ್ನ ನಿದ್ದ್ಯಾಗ
ಚಿಗರಿ ಮುಂಗಾಲು ಓಡಿದುವು,
ಯಾವ ಬೆಕ್ಕಿನ ಬೆನ್ನ ಹತ್ತಿತ್ತೋ,
ಬಾಯಾಗ ಸಣ್ಣ ಬೊಗಳು.
ಹಿಂದಿನವು ಹಾಸಿದಲ್ಲೇ ಇದ್ದುವು.
ನಾ ಕೈ ಚಾಚಿದೆ.
ಲಾಳಿ ಸಪ್ಪಳ ನಿಂತಿತು.
ಎಬ್ಬಸಬ್ಯಾಡ, ಅಂದ ಮಗ್ಗದಾಗಿಂದ,
ಹಿಡೀಲಿ ತಡಿ.