ತೂತು ಮುಚ್ಚಬೇಡ

ಮೊದಲು ಮಣ್ಣಿಗೆ ಕೊಡು, ಓಬಳೇಶ.
ಲ್ಯಾಬಿನ ಹಿಂದೆ, ಬೇವಿನ ಬುಡದಿಂದ ನಾಲ್ಕು ಮಾರು ಆಚೆ
ಗೊದ್ದಗಳ ಸಾಲು ಹೋಗುವ ಕಡೆ, ಮೊಣಕೈ ಆಳ.
ಮೇಲೊಂದು ತಂತಿಬಲೆ, ಬಲೆಯ ಮೇಲೆ ಕಲ್ಲು.
ನಾಯಿಗೆ ನಮ್ಮ ಸಿಲಬಸ್ ಗೊತ್ತಿಲ್ಲ,
ಕಲ್ಲಿಗೇನು ಬರ, ಈ ದುರ್ಗದಲ್ಲಿ.

ಮೂರು ತಿಂಗಳು ಮರೆತುಬಿಡು.
ನಾನು ಕೆಲಸಕ್ಕೆ ಸೇರಿದ ವರ್ಷ ಆತುರಕ್ಕೆ ಬಿದ್ದು
ಕುದಿವ ನೀರಿಗೆ ಹಾಕಿದ್ದೆ ಒಂದನ್ನು:
ಹೊಲಿಗೆ ಬಿಟ್ಟ ಚೀಲದಂತೆ ಬಿಚ್ಚಿಕೊಂಡಿತು.
ಗಾದ್ರಪ್ಪ ಬಯ್ಯಲಿಲ್ಲ. ಚೂರುಗಳನ್ನು ಮೊರಕ್ಕೆ ಸುರಿದು
‘ಜೋಡಿಸು’ ಅಂದ, ಬೀಡಿ ಹಚ್ಚಿದ.
ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು.

ತೆಗೆದ ಮೇಲೆ ಉಗುರುಬೆಚ್ಚನೆ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು.
ಫಲಕಗಳು ತಾವಾಗಿ ಏಳುತ್ತವೆ, ಹಪ್ಪಳದ ಹಾಗೆ.
ಗಾಬರಿ ಬೇಡ. ನಡುವೆ ಐದು, ಪಕ್ಕಕ್ಕೆ ನಾಲ್ಕು ನಾಲ್ಕು,
ಅಂಚಿನ ಚಿಕ್ಕವು ಬೇರೆ.
ಒಳಮೈಗೆ ಪೆನ್ಸಿಲ್ಲಿನಲ್ಲಿ ನಂಬರು ಬರೆದು
ಹಳೇ ಪ್ರಶ್ನೆಪತ್ರಿಕೆಗಳ ನಡುವೆ ಒತ್ತಿಡು.
ಪೆರಾಕ್ಸೈಡು ಎಲುಬಿಗೆ ಮಾತ್ರ. ಬ್ಲೀಚಿಂಗ್ ಪುಡಿ ಬೇಡವೇ ಬೇಡ,
ಇವತ್ತು ಬಿಳಿ ಮಾಡಿ ನಾಳೆ ಹಿಟ್ಟು ಮಾಡುತ್ತದೆ.
ಒಣಗಲು ಜೋಗಿಮಟ್ಟಿ ಕಡೆಯ ಗಾಳಿ ಸಾಕು;
ಇಲ್ಲಿಯ ಬಿಸಿಲು ಬಂಡೆಯನ್ನೇ ಸಿಪ್ಪೆ ಸುಲಿಯುತ್ತದೆ.

ಈಗ ಇದು.
ಅರಣ್ಯ ಇಲಾಖೆಯ ಕಾಗದ ಕಪಾಟಿನಲ್ಲಿದೆ, ಕಳೆಯಬೇಡ.
ದೊಡ್ಡಪೇಟೆಯ ಸಿದ್ದಬಸಮ್ಮನ ಬಾವಿಯದು,
ಹೂಳು ತೆಗೆಸುವಾಗ ಸತ್ತು ಸಿಕ್ಕಿದ್ದು.
ನೀರು ತಿಳಿಯಾಗಿರಲಿ ಅಂತ ಅವರ ಮಾವ ಬಿಟ್ಟಿದ್ದಂತೆ,
ಬೆನ್ನಂಚಿಗೆ ತೂತು ಕೊರೆದು, ತಾಮ್ರದ ತಂತಿ ಕಟ್ಟಿ.
ಯಾವ ವರ್ಷ, ಕೇಳಿದೆ.
‘ನಾನು ಈ ಮನೆಗೆ ಬರುವಾಗಲೇ
ಅದು ಬಂದಿತ್ತು.’

ತಂತಿ ಯಾವಾಗಲೋ ತುಂಡಾಗಿದೆ.
ತೂತಿಗೆ ಬೆರಳಿಟ್ಟು ನೋಡು:
ನುಣುಪು. ಎಲುಬು ಸುತ್ತ ದುಂಡಗೆ ಬೆಳೆದು
ಬಳೆ ಮಾಡಿಕೊಂಡಿದೆ.
ಹಸಿರು ಕಲೆಯನ್ನು ಮೂರು ಸಲ ತೊಳೆದೆ,
ಹೋಗಲಿಲ್ಲ.

ಪಂಕಜಾಕ್ಷಿ ಮೇಡಂ ಒಂದು ಡಬ್ಬಿ ಪುಟ್ಟಿ ತರಿಸಿಕೊಟ್ಟಿದ್ದಾರೆ.
ತೂತು ತುಂಬಿ, ಮರಳುಕಾಗದ ಉಜ್ಜಿ, ಬಣ್ಣ ಹಚ್ಚಿದರೆ
ಮುಂದಿನ ತಿಂಗಳ ತಪಾಸಣೆಯವರಿಗೆ ಚೆನ್ನಾಗಿ ಕಾಣುತ್ತದಂತೆ.
ಆಗಲಿ ಮೇಡಂ, ಅಂದಿದ್ದೇನೆ.
ಶನಿವಾರ ನನ್ನ ಕೊನೇ ದಿನ,
ಸೋಮವಾರದಿಂದ ಬೀಗದ ಕೈ ನಿನ್ನದು.

ಜೇನುಮೇಣವನ್ನು ಬಟ್ಟೆಯಲ್ಲಿ ತಗೊಂಡು ತೆಳ್ಳಗೆ ಸವರು.
ವಾರ್ನಿಷ್ ಬಳಿದರೆ ಬೆಲ್ಲದ ಪಾಕ ಸುರಿದ ಹಾಗೆ ಮಿಂಚುತ್ತದೆ;
ಬದುಕಿದ್ದಾಗ ಇದು ಎಲ್ಲಿ ಮಿಂಚಿತ್ತು.
ಚೀಟಿಯಲ್ಲಿ ಹೆಸರು, ತಾರೀಖು ಬರೆದು
ಸಿಕ್ಕ ಜಾಗ ಅನ್ನುವಲ್ಲಿ
‘ಬಾವಿ’ ಅಂತಲೇ ಬರೆ.

ಮೇಡಂ ಕೇಳಿದರೆ, ಪುಟ್ಟಿ ಒಣಗಿ ಕಲ್ಲಾಗಿತ್ತು ಅನ್ನು.
ಸುಳ್ಳಲ್ಲ ಕಣಪ್ಪ,
ನಿನ್ನೆಯಿಂದ ನಾನೇ ಮುಚ್ಚಳ ತೆಗೆದಿಟ್ಟಿದ್ದೇನೆ.