ಅಕ್ಷರಕ್ಕ ಎಂಟು ರೂಪಾಯಿ

ದುಧನಿ ಹಳೇ ಚಾವಡಿ ಗ್ವಾಡಿಯೊಳಗ
ಮಣಕಾಲೆತ್ತರಕ್ಕ ಒಂದು ಕಲ್ಲು.
ಮುಂದ ತೊಗರಿ ಲಾರಿ ಹಿಂದಕ್ಕ ಬರತಾವ,
ಬಾಜೂಕ ಚಹಾದ ಗಾಡಿ.
ವರ್ಷಕ್ಕೊಮ್ಮೆ, ಜೆಂಡಾದ ಮುಂಚಿನ ದಿನ,
ನಗರ ಪರಿಷತ್ತಿನವರು ಕರೀತಾರ:
ಮೌಲಾಲಿ, ಆ ಕಲ್ಲಿಗೆ ಜರಾ ಬಣ್ಣ ತುಂಬು.

ಇಂಗ್ಲೀಷು ನನಗ ಓದಾಕ ಬರೂದಿಲ್ಲ.
ಊರಾಗಿನ ಬೋರ್ಡೆಲ್ಲ ಮರಾಠಿ, ಬರದಾಂವ ನಾ;
ಎಣಸೂದು, ಬೈಯೂದು ಮಾತ್ರ ಕನ್ನಡ.
ಕಲ್ಲಿನ ಅಕ್ಷರ ಅಂದ್ರ ಬರೇ ತಗ್ಗು:
ಇಲ್ಲೊಂದು ಕೊಂಡಿ, ಇಲ್ಲೊಂದು ಕೊಡ್ಲಿ,
ಕೊನೀ ಸಾಲಿನಾಗ ಕುಡಗೋಲಿನಂಥ ಒಂದು ಅಂಕಿ.
ಬ್ರಶ್ಶಿನ ತುದಿ ಬೆರಳಾಗ ಹಿಂಡಿ
ಉಸರು ಹಿಡದು ತುಂಬತೇನಿ.

ಸಾಳಿ ಮಾಸ್ತರು ಒಮ್ಮೆ ಓದಿ ಹೇಳಿದರು:
ಈ ಊರಿಂದ ಮೂವತ್ತೊಂದು ಮಂದಿ
ದೊಡ್ಡ ಯುದ್ಧಕ್ಕ ಹ್ವಾದರು,
ಅದರಾಗ ಏಳು ಮಂದಿ ಜೀವಾ ಕೊಟ್ಟರು.
ಹೆಸರು? ಅಂದೆ.
ಹೆಸರಿಲ್ಲೋ, ಲೆಕ್ಕ ಐತಿ.

ಹೆಸರಿದ್ದರ ಯಾವ ಕೇರಿಯವ ಅಂತ ಕೇಳತಿದ್ದರು.
ಅಂಕಿಗೆ ಕೇರಿ ಇಲ್ಲ.
ಅದಕ್ಕ ಇರಬೇಕು, ನೂರು ವರ್ಷದಾಗ
ಯಾರೂ ಇದಕ್ಕ ಸಗಣಿ ಒಗದಿಲ್ಲ,
ಹಾರಾನೂ ಹಾಕಿಲ್ಲ.

ಇಲ್ಲ, ಒಬ್ಬಾಕಿ ಇದ್ದಾಳ. ಹೊಸಮನಿ ಸೋನವ್ವ.
ಅಮಾಸಿಗೊಮ್ಮೆ ಬಂದು ಕಲ್ಲಿಗೆ ಎಣ್ಣಿ ಸವರತಾಳ,
ನನ್ನ ಬಣ್ಣಾ ಕೆಡಸತಾಳ.
ಜಗಳಾಡಾಕ ಹೋದರ ಕೂಡಸಿಕೊಂಡು ಕಥಿ ಹೇಳಿದಳು.

ಆಕಿ ಮುತ್ಯಾ ಸಾಯಬಣ್ಣ
ದುಧನಿ ಟೇಸನದಾಗ ಗಾಡಿ ಹತ್ತಿದಾಗ
ದುಂಡವ್ವಗ ನಾಕು ತಿಂಗಳು.
ಕಾಗದ ಬಂತು. ಓದಾಂವ ಓದಿದ: ಬಸ್ರಾದಾಗ ಹ್ವಾದ.
ಬಸರಿ ನಾನು, ಅಂದಳಂತ,
ಅವ ಎಲ್ಲಿ ಹ್ವಾದ?
ಅದೊಂದು ಊರು ಅಂತ ತಿಳಿಸಿ ಹೇಳೂದ್ರಾಗ
ಕೂಸು ಹುಟ್ಟಿ ಅಳಾಕ ಹತ್ತಿತ್ತು.

ಆಮ್ಯಾಲ ಒಂದು ಕಂಚಿನ ಬಿಲ್ಲಿ ಬಂತು, ಅಂಗೈಗಿಂತ ದೊಡ್ಡದು.
ಅದರಾಗ ಒಬ್ಬ ಹೆಂಗಸು, ಕೈಯಾಗ ತ್ರಿಶೂಲ, ಕಾಲಾಗ ಸಿಂಹ.
ಯಾವ ದೇಶದ ದೊಡ್ಡಾಕಿನೋ.
ದುಂಡವ್ವ ಹಣಿಗೆ ಮುಟ್ಟಿಸಿಕೊಂಡಳು:
ತುಳಜಾಪುರದವ್ವಾ, ನೀನರೆ ಬಂದೆಲಾ.
ಹಗಲೆಲ್ಲ ಜಗಲಿ ಮ್ಯಾಲ ದೇವರು,
ರಾತ್ರಿ, ಬೆಕ್ಕಿನ ಕಾಟಕ್ಕ, ಹಾಲಿನ ಗಡಿಗಿ ಮುಚ್ಚಳ.
ಕುಂಕಮ ಹಚ್ಚಿ ಹಚ್ಚಿ ಅವ್ವನ ಮಾರಿ ಸವದೈತಿ.

ಈ ವರ್ಷ ಅದನ್ನ ಸೆರಗಿನಾಗ ಕಟಗೊಂಡು ಬಂದಳು ಸೋನವ್ವ.
ಇದರಾಗ ಅವನ ಹೆಸರೈತಿ ಅಂತಾರ,
ನೋಡಿ ಬರಿಯಪ್ಪಾ, ಕಲ್ಲಿನ ಬುಡಕ.
ಅಕ್ಷರಕ್ಕ ಎಂಟಲ್ಲ, ಹತ್ತು ಕೊಡತೇನಿ.
ಉಬ್ಬಕ್ಷರ. ಬೆರಳಿಗೆ ಹತ್ತತಿದ್ದವು.
ಓದಾಕ ಬರದಿದ್ದರೂ ತೆಗೀಬಹುದಿತ್ತು,
ಡಬ್ಬಿಯಾಗ ಬಣ್ಣಾನೂ ಉಳದಿತ್ತು.
ಕೈ ಎತ್ತಿದೆ.
ಉಳದ ಆರು ಮಂದಿ ನೆನಪಾದರು.
ಅವರ ಬಿಲ್ಲಿ ಯಾವ ಗಡಿಗಿ ಮ್ಯಾಲ ಅದಾವೋ,
ಯಾವ ಮೋಡಕಾದವಗ ಕಿಲೋದ ಲೆಕ್ಕ ಹೋದವೋ.
ಕೈ ಇಳಿಸಿದೆ.

ಸೋನವ್ವ ಸಿಟ್ಟಾಗಲಿಲ್ಲ.
ಎಲಿ ಹಾಸಿ ಎರಡು ಹೋಳಗಿ ಇಟ್ಟಳು, ಮ್ಯಾಲ ತುಪ್ಪ.
ಆಗಿಂದಾಗ ತುಂಬಿದ ಕುಡಗೋಲಿನಂಥ ಅಂಕಿ ಮ್ಯಾಲ
ಬೆರಳಿಟ್ಟು, ಮನೀ ಗಂಡಸು ಉಣ್ಣೂ ಹೊತ್ತು ಮೀರಿ ಮಲಗಿದಾಗ
ಭುಜಾ ಅಲಗಿಸಿ ಎಬ್ಬಸೂ ಧ್ವನಿಯಾಗ
ಏಳು, ಅಂದಳು.
ಏಳು ಮುತ್ಯಾ, ಏಳು. ಆರತೈತಿ.

ಸಂಜಿಗೆ ಕಾರಕೂನ ಬಂದು ಎಣಿಸಿದ.
ಮೂವತ್ತೊಂದಕ್ಕ ಎರಡಕ್ಷರದ ರೊಕ್ಕಾ.
ಏಳು ಮಂದಿ ಕೂಡಿ ಒಂದ ಅಕ್ಷರ.
ಇಲ್ಲಿ ಹಸೀ ಬಣ್ಣಾ ಯಾರೋ ಮುಟ್ಯಾರ, ಅಂದ,
ಅಳಿಸಿ ಮತ್ತ ಬರಿ.
ಹೂಂ ಅಂದೆ.

ಬರೀಲಿಲ್ಲ.
ಲಾರಿಯವ ಹಾರ್ನ ಹೊಡದ.
ಡಬ್ಬಿ ಎತ್ತಿಕೊಂಡು ಸರದು ನಿಂತೆ.